ಚಿಕ್ಕಮಗಳೂರಿನ ಮಳೆಗಾಲಕ್ಕೊಂದು ಎಸಿ: ನಾಲ್ಕು ವರ್ಷದ ಬಳಕೆ

ನಮ್ಮ ಮುದ್ರಣಾಲಯಕ್ಕೆ ಒಂದೂವರೆ ಟನ್ನಿನ ಇನ್ವರ್ಟರ್ ಎಸಿ ಹಾಕಿಸಿದ ದಿನ ಪಕ್ಕದ ಅಂಗಡಿಯವರು, 'ಕಂಬಳಿ ಹೊದ್ದು ಮಲಗುವ ಊರಿನಲ್ಲಿ ನಿಮಗೇನು ಸೆಕೆ ಸ್ವಾಮಿ?' ಎಂದು ನಕ್ಕಿದ್ದರು. ನನಗೆ ಸೆಕೆಯಾಗಿರಲಿಲ್ಲ, ಕಾಗದಕ್ಕೆ ಶೀತವಾಗಿತ್ತು.

ಶ್ರಾವಣದ ಮದುವೆಗಳ ಲಗ್ನಪತ್ರಿಕೆ ಆಷಾಢದಲ್ಲೇ ಅಚ್ಚಾಗಬೇಕು. ಮುಳ್ಳಯ್ಯನಗಿರಿಯ ಕಡೆ ನೋಡಿದರೆ ಮೋಡ ಬಿಟ್ಟು ಏನೂ ಕಾಣದ ದಿನಗಳವು. ಬೆಳಿಗ್ಗೆ ಬಿಚ್ಚಿಟ್ಟ ರೀಮಿನ (ಕಾಗದದ ಕಟ್ಟಿನ) ಅಂಚು ಸಂಜೆಯೊಳಗೆ ಅಲೆಅಲೆಯಾಗುತ್ತದೆ. ಬಣ್ಣಗಳನ್ನು ಒಂದರ ಮೇಲೊಂದು ಅಚ್ಚು ಹಾಕುವಾಗ ಹಳದಿ ಹೊಡೆದು ಕೆಂಪಿಗೆ ಬರುವಷ್ಟರಲ್ಲಿ ಕಾಗದ ಕೂದಲೆಳೆಯಷ್ಟು ಹಿಗ್ಗಿ, ಗಣಪತಿಗೆ ಎರಡು ಸೊಂಡಿಲು ಮೂಡಿರುತ್ತವೆ.

1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಮುದ್ರಣಾಲಯವೊಂದಕ್ಕೂ ಇದೇ ಕಾಟವಿತ್ತು. ಎಂಜಿನಿಯರ್ ವಿಲ್ಲಿಸ್ ಕ್ಯಾರಿಯರ್ ಇಂದಿನ ಎಸಿಗೆ ಮೂಲವಾದ ತಮ್ಮ ಯಂತ್ರವನ್ನು ರೂಪಿಸಿದ್ದು ಆ ಕಾಗದದ ಸುಖಕ್ಕಾಗಿ. 'ಏರ್ ಕಂಡೀಷನಿಂಗ್' ಎಂಬ ಹೆಸರನ್ನು 1906ರಲ್ಲಿ ಬಳಕೆಗೆ ತಂದವರು ಸ್ಟುವರ್ಟ್ ಕ್ರೇಮರ್. ಅವರ ಕೆಲಸವೋ, ಬಟ್ಟೆಗಿರಣಿಯ ಗಾಳಿಗೆ ತೇವ ಸೇರಿಸುವುದು! ಬಿಸಿ, ತೇವ, ಓಡಾಟ, ಶುದ್ಧಿ, ಗಾಳಿಯ ಈ ನಾಲ್ಕನ್ನೂ ಬೇಕಾದ ಹದಕ್ಕೆ ತರುವುದು ಆ ಪದದ ಅರ್ಥ. ನಮ್ಮ 'ಹವಾನಿಯಂತ್ರಣ'ದಲ್ಲಿ ಸರ್ಕಾರಿ ಗತ್ತಿದೆ. ನನ್ನನ್ನು ಕೇಳಿದ್ದರೆ 'ಗಾಳಿಹದ' ಎನ್ನುತ್ತಿದ್ದೆ.

ಹಾಗಾಗಿ ನಮ್ಮ ರಿಮೋಟಿನಲ್ಲಿ ಸವೆದಿರುವುದು 'ಡ್ರೈ' ಗುಂಡಿ. ಫ್ಯಾನು ನಿಧಾನವಾಗಿ ತಿರುಗುತ್ತದೆ, ತಣ್ಣನೆಯ ಸುರುಳಿಗೆ ತಾಗಿದ ತೇವ ನೀರಾಗಿ ಇಳಿಯುತ್ತದೆ. ತೇವಮಾಪಕದ ಮುಳ್ಳು ಶೇಕಡಾ 88ರಿಂದ 60ರ ಆಸುಪಾಸಿಗೆ ಬರಲು ಎರಡು ಗಂಟೆ ಬೇಕು. ಪೈಪಿನ ಕೆಳಗಿನ ಬಕೆಟ್ ಸಂಜೆಗೆ ಅರ್ಧ ತುಂಬಿರುತ್ತದೆ. ಏಪ್ರಿಲ್‌ನಲ್ಲಿ 26ಕ್ಕಿಟ್ಟು ತಂಪೂ ಮಾಡಿಕೊಳ್ಳುತ್ತೇವೆ, ಅದರಲ್ಲಿ ಹೇಳುವಂಥದ್ದೇನಿಲ್ಲ.

ತಕರಾರುಗಳಿವೆ. ತೀರಾ ಚಳಿಯಾದ ದಿನ ಕಂಪ್ರೆಸರ್ ತಾನೇ ನಿಂತುಬಿಡುತ್ತದೆ. ಒಣಗಿಸುವ ಕೆಲಸವೂ ಅಲ್ಲಿಗೆ ನಿಂತಿತು. ಎರಡನೆಯ ವರ್ಷ ಹೊರಗಿನ ಪೆಟ್ಟಿಗೆಯ ಸರ್ಕ್ಯೂಟ್ ಬೋರ್ಡಿನ ಮೇಲೆ ಹಲ್ಲಿಯೊಂದು ಸುಟ್ಟು ಸತ್ತಿತು. ಹಲ್ಲಿ ವಾರಂಟಿಯೊಳಗೆ ಬರುವುದಿಲ್ಲವಂತೆ, 6,500 ರೂಪಾಯಿ ತೆತ್ತೆ. ಮರುವರ್ಷ ಪೈಪಿನ ಬಾಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿ, ನೀರು ಒಳಗೇ ತೊಟ್ಟಿಕ್ಕಿ, ಎರಡು ರೀಮು ಆರ್ಟ್ ಪೇಪರ್ ಹಾಳಾಯಿತು. ಈಗ ಅದರ ಬಾಯಿಗೆ ಸೊಳ್ಳೆಪರದೆಯ ತುಂಡು ಕಟ್ಟಿದ್ದೇನೆ. ಕೊಳ್ಳುವವರು ಇದನ್ನು ಮೊದಲ ದಿನವೇ ಮಾಡಿ.

ಕಳೆದ ಜುಲೈನಲ್ಲಿ ಪಕ್ಕದ ಅಂಗಡಿಯವರು ಬೂಷ್ಟು ಹಿಡಿದ ತಮ್ಮ ಮದುವೆಯ ಆಲ್ಬಮ್ ತಂದು, 'ಎರಡು ದಿನ ನಿಮ್ಮ ಎಸಿ ಕೋಣೆಯಲ್ಲಿ ಇಟ್ಟಿರಿ' ಎಂದರು. ಇನ್ನೂ ಇಲ್ಲೇ ಇದೆ.