ಆಲ್ವೇಸ್, ಮ್ಯಾಡ್ವೈಸ್, ನೆವರ್: ಮೂರನ್ನೂ ಓಡಿಸಿ ನೋಡಿದೆ

ಪುಣೆಯ ಹಿಂಜೆವಾಡಿಯಲ್ಲಿ ನಮ್ಮ ಆಫೀಸು. ಅಲ್ಲಿ ಒಂದೇ ಲಿನಕ್ಸ್ ಸರ್ವರ್ ಮೇಲೆ ಡೇಟಾವನ್ನು ಮೆಮೊರಿಯಲ್ಲೇ ಇಟ್ಟುಕೊಳ್ಳುವ ರೆಡಿಸ್ ಎಂಬ ಡೇಟಾಬೇಸ್‌ನ ಹಳೆಯ ಆವೃತ್ತಿ ಇದೆ, ಜೊತೆಗೆ ಭಾರೀ ಮೆಮೊರಿ ನುಂಗುವ ಒಂದು ಜಾವಾ ಪ್ರೋಗ್ರಾಂ ಕೂಡ ಇದೆ. ಟ್ರಾನ್ಸ್‌ಪರೆಂಟ್ ಹ್ಯೂಜ್ ಪೇಜ್ ಅಂದರೆ ಮೆಮೊರಿಯನ್ನು ದೊಡ್ಡ ತುಂಡುಗಳಲ್ಲಿ ಹಂಚುವ ಸೆಟ್ಟಿಂಗ್ ಆಲ್ವೇಸ್, ಮ್ಯಾಡ್ವೈಸ್, ನೆವರ್ ಇವುಗಳಲ್ಲಿ ಯಾವುದಿರಬೇಕು ಅಂತ ನಮ್ಮಲ್ಲೇ ಜಗಳ. ಕೊನೆಗೆ ಒಂದೊಂದನ್ನೂ ಒಂದೊಂದು ವಾರ ಇಟ್ಟು ನೋಡಿದೆ.

ಲಿನಕ್ಸ್ ಮೆಮೊರಿಯನ್ನು ಪುಟಗಳಾಗಿ ಹಂಚುತ್ತದೆ. ಮಾಮೂಲಿ ಪುಟ 4 ಕೆಬಿ. ದೊಡ್ಡ ಪುಟ 2 ಎಂಬಿ, ಅಂದರೆ 512 ಸಣ್ಣ ಪುಟ ಸೇರಿ ಒಂದು. ಕಾಳು ಎಣಿಸೋ ಬದಲು ಸೇರಿನಲ್ಲಿ ಅಳೆದ ಹಾಗೆ. ಪುಟಗಳ ವಿಳಾಸ ನೆನಪಿಡುವ, ಪ್ರೊಸೆಸರ್ ಒಳಗಿನ ಟಿಎಲ್‌ಬಿಗೆ ಹೊರೆ ಇಳಿಯುತ್ತದೆ. 2011ರ 2.6.38 ಕರ್ನಲ್‌ನಿಂದ ಇದನ್ನು ಕರ್ನಲ್, ಅಂದರೆ ಲಿನಕ್ಸ್‌ನ ತಿರುಳು, ತಾನೇ ಮಾಡಿಕೊಡುತ್ತಿದೆ.

ಮೊದಲ ವಾರ ಆಲ್ವೇಸ್, ಅಂದರೆ ಕೇಳದಿದ್ದರೂ ಎಲ್ಲರಿಗೂ ದೊಡ್ಡ ಪುಟ. ಜಾವಾ ಚೆನ್ನಾಗಿ ಓಡಿತು. ಮೂರನೇ ದಿನ ಬೆಳಗಾವಿಯ ಹುಡುಗ ಬಂದು, "ಅಣ್ಣಾ, ಸ್ನ್ಯಾಪ್‌ಶಾಟ್ ನಡದಾಗಷ್ಟ ರೆಡಿಸ್ ಸಿಕ್ಕೊಳ್ಳಾಕತ್ತೈತಿ ನೋಡ್ರಿ" ಅಂದ. ಅವನು ಹೇಳಿದ್ದು ಸರಿ. ಸ್ನ್ಯಾಪ್‌ಶಾಟ್‌ಗೆ (ಡೇಟಾದ ಆ ಕ್ಷಣದ ಪ್ರತಿ ಡಿಸ್ಕ್‌ಗೆ ಬರೆಯಲು) ರೆಡಿಸ್ ಫೋರ್ಕ್ ಮಾಡುತ್ತದೆ, ಅಂದರೆ ತನ್ನದೇ ಒಂದು ಮರಿ ಪ್ರಕ್ರಿಯೆ ಹುಟ್ಟಿಸುತ್ತದೆ. ಆಗ ತಾಯಿ, ಮರಿ ಇಬ್ಬರೂ ಅದೇ ಪುಟಗಳನ್ನು ಹಂಚಿಕೊಂಡಿರುತ್ತಾರೆ. 2020ರ 5.8ಕ್ಕಿಂತ ಹಳೆಯ ನಮ್ಮಂಥ ಕರ್ನಲ್‌ನಲ್ಲಿ ಒಂದು ಬೈಟ್ ಬದಲಾದರೂ ದೊಡ್ಡ ಪುಟ ಇಡೀ ನಕಲಾಗಬೇಕಿತ್ತು. 4 ಕೆಬಿ ಸಾಕಿದ್ದಲ್ಲಿ 2 ಎಂಬಿ! ಸಮಯವೂ ಹೋಯಿತು, ಮೆಮೊರಿಯೂ ಉಬ್ಬಿತು. ಹೊಸ ರೆಡಿಸ್ ತನ್ನ ಮಟ್ಟಿಗೆ ಇದನ್ನು ತಾನೇ ಆಫ್ ಮಾಡಿಕೊಳ್ಳುತ್ತದೆ, ನಮ್ಮದಕ್ಕೆ ಆ ಬುದ್ಧಿ ಇರಲಿಲ್ಲ.

ನೆವರ್, ಅಂದರೆ ಯಾರಿಗೂ ದೊಡ್ಡ ಪುಟ ಇಲ್ಲ. ಅದನ್ನು ಇಟ್ಟ ವಾರ ರೆಡಿಸ್ ಶಾಂತ. ಜಾವಾ ಮಾತ್ರ ನಿಧಾನ ಆಯಿತು.

ಮ್ಯಾಡ್ವೈಸ್‌ನಲ್ಲಿ ಕೇಳಿದವರಿಗಷ್ಟೇ ದೊಡ್ಡ ಪುಟ. ಮೊದಲ ದಿನ ನಿರಾಸೆ ಆಯಿತು. ಮೆಮ್‌ಇನ್ಫೋ (ಮೆಮೊರಿ ಲೆಕ್ಕ ತೋರಿಸುವ ಕಡತ) ತೆರೆದು, ಬಳಕೆಯಲ್ಲಿರುವ ದೊಡ್ಡ ಪುಟಗಳನ್ನು ಹೇಳುವ ಅನಾನ್‌ಹ್ಯೂಜ್‌ಪೇಜಸ್ ಸಾಲು ನೋಡಿದರೆ ಹೆಚ್ಚೂಕಮ್ಮಿ ಸೊನ್ನೆ. ಜಾವಾ ಕೇಳೇ ಇರಲಿಲ್ಲ ಅಲ್ವಾ! ಅದನ್ನು ಶುರು ಮಾಡುವಾಗ ಯೂಸ್‌ಟ್ರಾನ್ಸ್‌ಪರೆಂಟ್‌ಹ್ಯೂಜ್‌ಪೇಜಸ್ ಆಯ್ಕೆ ಕೊಟ್ಟೆ. ಜಾವಾ ಡೇಟಾ ಇಡುವ ಹೀಪ್ ತುಂಬುತ್ತಾ ಹೋದ ಹಾಗೆ ಆ ಸಾಲಿನ ಅಂಕಿ ಏರುತ್ತಾ ಹೋಯಿತು. ರೆಡಿಸ್ ಪಾಡಿಗೆ ರೆಡಿಸ್ ಸಣ್ಣ ಪುಟಗಳಲ್ಲೇ ಉಳಿಯಿತು. ಅದನ್ನು ನೋಡಿ ನನಗೆ ನಿಜಕ್ಕೂ ಖುಷಿಯಾಯಿತು.

ನನ್ನ ಮತ ಮ್ಯಾಡ್ವೈಸ್‌ಗೇ. ತನಗೆ ದೊಡ್ಡ ಪುಟ ಬೇಕೋ ಬೇಡವೋ ಅಂತ ಪ್ರೋಗ್ರಾಂ ಬರೆದವರಿಗೇ ಜಾಸ್ತಿ ಗೊತ್ತು, ಕರ್ನಲ್ ಸುಮ್ನೆ ಊಹಿಸಬೇಕಾಗುತ್ತದೆ. ಸರ್ವರ್ ಇಡೀ ಒಂದೇ ದೊಡ್ಡ ಲೆಕ್ಕಾಚಾರಕ್ಕೆ ಮೀಸಲಾಗಿದ್ದರೆ ಆಲ್ವೇಸ್ ಇಡಲು ನಾನು ಹಿಂಜರಿಯುವುದಿಲ್ಲ.

ಪಕ್ಕದಲ್ಲೇ ಇರುವ ಡೀಫ್ರ್ಯಾಗ್ ಸೆಟ್ಟಿಂಗನ್ನೂ ನೋಡಿ. ಅದು ಆಲ್ವೇಸ್ ಆಗಿದ್ದರೆ, ಮೆಮೊರಿ ಚದುರಿದಾಗ ಪುಟ ಕೇಳಿದ ಥ್ರೆಡ್ಡೇ ನಿಂತು ಜಾಗ ಒಟ್ಟುಮಾಡಬೇಕಾಗುತ್ತದೆ. ಇನ್ನು, ಸಿಸ್‌ಎಫ್‌ಎಸ್‌ನಲ್ಲಿ (ಈ ಸೆಟ್ಟಿಂಗುಗಳು ಕಡತಗಳಂತೆ ಕಾಣುವ ಜಾಗ) ಬರೆದದ್ದು ರೀಬೂಟ್ ಆದರೆ ಹೋಗುತ್ತದೆ. ನಾನು ಮ್ಯಾಡ್ವೈಸನ್ನು ಸರ್ವರ್ ಶುರುವಾಗುವಾಗ ಕರ್ನಲ್ ಓದುವ ಬೂಟ್ ಸಾಲಿಗೇ ಸೇರಿಸಿ ಬಂದೆ.