ಪ್ರಿಟಾಲ್ಕ್ಸ್, ಪ್ರಿಟಿಕ್ಸ್: ಬೆಳಗಾವಿಯ ಡೆವಲಪರ್ ಸಮ್ಮೇಳನಕ್ಕೆ ಎಷ್ಟು ಒದಗುತ್ತವೆ?

ಭಾಷಣಗಳ ಪ್ರಸ್ತಾವ ತರಿಸಿಕೊಳ್ಳುವುದರಿಂದ ಹಿಡಿದು ವೇಳಾಪಟ್ಟಿ ಪ್ರಕಟಿಸುವವರೆಗಿನ ಕೆಲಸಕ್ಕೆ ಪ್ರಿಟಾಲ್ಕ್ಸ್ ಎಂಬ ತಂತ್ರಾಂಶವನ್ನು ಧೈರ್ಯವಾಗಿ ಹಿಡಿಯಬಹುದು. ಟಿಕೆಟ್‌ಗೆ ಅದರ ಜೊತೆಗಾರ ಪ್ರಿಟಿಕ್ಸ್ ಕೂಡ ಗಟ್ಟಿ ಸಾಧನವೇ. ಆದರೆ ಹಣ ಪಡೆಯುವ ಭಾಗವನ್ನು ಯುರೋಪಿನ ಬ್ಯಾಂಕುಗಳನ್ನು ಮನಸ್ಸಿನಲ್ಲಿಟ್ಟು ಕಟ್ಟಿದ್ದಾರೆ. ಯುಪಿಐ ಒಂದನ್ನೇ ನಂಬಿರುವ ನಮ್ಮ ಜನಕ್ಕೆ ಅದು ಸಲೀಸಾಗಿ ಹೊಂದುವುದಿಲ್ಲ. ಎರಡೂ ಮುಕ್ತ ತಂತ್ರಾಂಶಗಳು, ಎರಡೂ ಪೈಥಾನ್ ಭಾಷೆಯ ಜ್ಯಾಂಗೊ ಎಂಬ ವೆಬ್ ಚೌಕಟ್ಟಿನ ಮೇಲೆ ನಿಂತಿವೆ. ಬ್ರಸೆಲ್ಸ್‌ನಲ್ಲಿ ನಡೆಯುವ ಮುಕ್ತ ತಂತ್ರಾಂಶದವರ ದೊಡ್ಡ ಸಮ್ಮೇಳನ ಫಾಸ್‌ಡೆಮ್ 2024ರಿಂದ ಪ್ರಿಟಾಲ್ಕ್ಸ್ ಬಳಸುತ್ತಿದೆ. ಅಷ್ಟು ದೊಡ್ಡ ಸಂತೆ ನಿಭಾಯಿಸುವ ತಂತ್ರಾಂಶ ನೂರೈವತ್ತು ಜನರ ಸಮ್ಮೇಳನಕ್ಕೆ ಭಾರವಾದೀತೇ ಎಂಬ ಅನುಮಾನ ಬೇಡ, ಆಗುವುದಿಲ್ಲ.

ಈ ವಿಮರ್ಶೆಯ ಅಳತೆ ಇಷ್ಟು: ಒಂದು ದಿನ, ಎರಡು ಸಭಾಂಗಣ, ಸುಮಾರು 150 ಆಸನ. ಉದ್ಯಮಬಾಗದ ಕಡೆಯ ಒಂದು ಇಂಜಿನಿಯರಿಂಗ್ ಕಾಲೇಜು. ವರ್ಡ್‌ಪ್ರೆಸ್, ಡ್ರುಪಲ್, ಜ್ಯಾಂಗೊ, ಲಾರಾವೆಲ್‌ನಂಥ ವೆಬ್‌ಸೈಟ್ ಕಟ್ಟುವ ಸಾಧನ ಬಳಸುವವರು, ಅರ್ಧದಷ್ಟು ವಿದ್ಯಾರ್ಥಿಗಳು, ಕನ್ನಡ, ಇಂಗ್ಲಿಷ್, ಒಂದಿಷ್ಟು ಮರಾಠಿ. ದಿನಾಂಕವನ್ನಂತೂ ಯಾವ ತಂತ್ರಾಂಶವೂ ಆರಿಸಿಕೊಡದು. ಡಿಸೆಂಬರ್‌ನಲ್ಲಿ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ಕೂತರೆ ಊರಿನ ಲಾಡ್ಜ್‌ಗಳು ತುಂಬುತ್ತವೆ. ವಿಟಿಯು ಸೆಮಿಸ್ಟರ್ ಪರೀಕ್ಷೆಯ ವಾರ ಹಿಡಿದರೆ ವಿದ್ಯಾರ್ಥಿಗಳು ಬರುವುದಿಲ್ಲ, ಕಾಲೇಜೂ ಸಿಗುವುದಿಲ್ಲ. ಇವೆರಡನ್ನು ತಪ್ಪಿಸಿ ದಿನ ಗೊತ್ತು ಮಾಡಿಕೊಂಡ ಮೇಲೆಯೇ ಪ್ರಿಟಾಲ್ಕ್ಸ್ ತೆರೆಯಬೇಕು.

ತೆರೆದ ಕೂಡಲೇ ಮಾಡಬೇಕಾದ ಮೊದಲ ಕೆಲಸ ಸಮಯವಲಯವನ್ನು ಏಷ್ಯಾ/ಕೊಲ್ಕತ್ತಾಗೆ ಬದಲಿಸುವುದು. ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಹಾಗೇ ಉಳಿದರೆ ರಾತ್ರಿ 12ಕ್ಕೆ ಎಂದು ಇಟ್ಟ ಗಡುವು ನಮ್ಮಲ್ಲಿ ಬೆಳಿಗ್ಗೆ 5.30ಕ್ಕೆ ಮುಗಿಯುತ್ತದೆ. ಆಮೇಲೆ ಮೂರು ಬಗೆಯ ಗೋಷ್ಠಿ ಸಾಕು: 30 ನಿಮಿಷದ ಭಾಷಣ, 90 ನಿಮಿಷದ ಕಾರ್ಯಾಗಾರ, 5 ನಿಮಿಷದ ಮಿಂಚಿನ ಮಾತು. ಅವಧಿಯನ್ನು ಬಗೆಗೇ ಕಟ್ಟಿಡುವುದರಿಂದ ಮುಂದೆ ವೇಳಾಪಟ್ಟಿ ಜೋಡಿಸುವಾಗ ತಾನಾಗಿ ಆ ಅಳತೆ ಕೂರುತ್ತದೆ. ಅರ್ಜಿಯಲ್ಲಿ ಹೆಚ್ಚಿನ ಪ್ರಶ್ನೆಗಳನ್ನು ಸೇರಿಸುವ ಆಸೆ ಎಲ್ಲರಿಗೂ ಬರುತ್ತದೆ, ತಡೆದುಕೊಳ್ಳಬೇಕು. ಭಾಷೆ ಯಾವುದು, ಕೇಳುಗರಿಗೆ ಮೊದಲೇ ಏನು ಗೊತ್ತಿರಬೇಕು, ಇವೆರಡೇ ಕಡ್ಡಾಯ ಇರಲಿ. ಅಂಗಿಯ ಅಳತೆ, ಊಟ, ವಸತಿಯ ಪ್ರಶ್ನೆಗಳನ್ನು ಆಯ್ಕೆಯಾದವರಿಗೆ ಮಾತ್ರ ಕೇಳಿದರೆ ಆಯಿತು. ಮೊದಲ ಸಲ ಮಾತಾಡುವ ವಿದ್ಯಾರ್ಥಿ ಹನ್ನೆರಡು ಖಾನೆಗಳ ಅರ್ಜಿ ನೋಡಿದರೆ ಅರ್ಧಕ್ಕೇ ಬಿಟ್ಟು ಹೋಗುತ್ತಾನೆ, ಆಮೇಲೆ ನಮ್ಮ ಕಡೆಯ ಭಾಷಣಕಾರರೇ ಇಲ್ಲ ಎಂದು ಕೊರಗಬೇಕಾಗುತ್ತದೆ.

ಕನ್ನಡ ಶೀರ್ಷಿಕೆಗೆ ತೊಂದರೆಯಿಲ್ಲ. ಪ್ರತಿ ಪ್ರಸ್ತಾವದ ಕೊಂಡಿಯಲ್ಲಿ ಶೀರ್ಷಿಕೆಯ ಬದಲು ಚಿಕ್ಕದೊಂದು ಸಂಕೇತ ಇರುತ್ತದೆ. ಹಾಗಾಗಿ ವಾಟ್ಸ್‌ಆ್ಯಪ್‌ನಲ್ಲಿ ಹಂಚಿದಾಗ ಶೇಕಡಾ ಚಿಹ್ನೆಗಳ ಸಾಲಾಗಿ ಕೊಂಡಿ ಉದ್ದವಾಗುವುದಿಲ್ಲ.

ಪರಿಶೀಲನೆಯ ಭಾಗ ಬಹಳ ಚೆನ್ನಾಗಿದೆ. ಹೆಸರು ಮುಚ್ಚಿಟ್ಟು ಅಂಕ ಕೊಡುವ ಹಂತ, ಹೆಸರು ನೋಡಿ ತೀರ್ಮಾನಿಸುವ ಹಂತ ಎಂದು ಬೇರೆ ಬೇರೆ ಮಾಡಬಹುದು. ತಾನು ಅಂಕ ಹಾಕುವವರೆಗೆ ಬೇರೆಯವರ ಅಂಕ ಕಾಣದಂತೆ ಮಾಡುವ ಆಯ್ಕೆಯೂ ಇದೆ, ಅದನ್ನು ಹಾಕಲೇಬೇಕು. ಎಲ್ಲರಿಗೂ ಎಲ್ಲರ ಪರಿಚಯ ಇರುವ ಊರಿನಲ್ಲಿ ಹಿರಿಯರೊಬ್ಬರು ಮೊದಲು ಕೊಟ್ಟ ಅಂಕವನ್ನು ಉಳಿದವರು ಅನುಸರಿಸಿಬಿಡುತ್ತಾರೆ. ಪರಿಶೀಲಕರು ಮೂರೋ ನಾಲ್ಕೋ ಜನ ಇದ್ದಾಗ ಸರಾಸರಿಗಿಂತ ಮಧ್ಯಾಂಕ (ಅಂಕಗಳನ್ನು ಕ್ರಮವಾಗಿ ಇಟ್ಟಾಗ ನಡುವೆ ಬರುವುದು) ವಾಸಿ. ಒಬ್ಬರ ಸಿಟ್ಟಿನ ಸೊನ್ನೆ ಒಂದು ಒಳ್ಳೆಯ ಪ್ರಸ್ತಾವವನ್ನು ಕೆಳಕ್ಕೆ ಎಳೆಯುವುದು ತಪ್ಪುತ್ತದೆ.

ಹೊಸಬರು ಎಡವುವ ಜಾಗ ಇದರ ಮುಂದಿನದು. ಪ್ರಸ್ತಾವವನ್ನು ನಾವು ಒಪ್ಪಿಕೊಂಡರೆ ಅದು ಅರ್ಧ ಕೆಲಸ ಮಾತ್ರ. ಭಾಷಣಕಾರ ತನ್ನ ಖಾತೆಯಲ್ಲಿ ‘ಬರುತ್ತೇನೆ’ ಎಂದು ಖಚಿತಪಡಿಸಬೇಕು. ಖಚಿತವಾಗದ ಗೋಷ್ಠಿಯನ್ನು ವೇಳಾಪಟ್ಟಿಯಲ್ಲಿ ಎಳೆದು ಕೂರಿಸಬಹುದು, ಸಂಘಟಕರ ಪರದೆಯ ಮೇಲೆ ಅದು ಕಾಣುತ್ತದೆ; ಪ್ರಕಟಿಸಿದಾಗ ಮಾತ್ರ ಸಾರ್ವಜನಿಕ ಪುಟದಲ್ಲಿ ಆ ಜಾಗ ಖಾಲಿ. ತಂತ್ರಾಂಶ ಕೆಟ್ಟಿದೆ ಎಂದುಕೊಂಡು ರಾತ್ರಿಯೆಲ್ಲ ಸರ್ವರ್ ಕೆದಕುವವರಿದ್ದಾರೆ. ಅದು ಕೆಟ್ಟಿಲ್ಲ, ಬರುವುದು ಖಚಿತವಿಲ್ಲದವರ ಹೆಸರನ್ನು ಊರಿಗೆಲ್ಲ ಸಾರುವುದನ್ನು ತಡೆಯುತ್ತಿದೆ. ಈ ನಿಯಮ ಸರಿಯಾದದ್ದು. ಖಚಿತಪಡಿಸಲು ಒಂದು ವಾರದ ಗಡುವು ಹೇಳಿ, ಐದನೆಯ ದಿನ ಫೋನ್ ಮಾಡಿ ನೆನಪಿಸುವುದು ಕೆಲಸಕ್ಕೆ ಬರುವ ಕ್ರಮ. ನಮ್ಮಲ್ಲಿ ಇಮೇಲ್ ದಿನವೂ ನೋಡುವವರು ಕಡಿಮೆ.

ಇಮೇಲ್ ವಿಷಯದಲ್ಲಿ ಪ್ರಿಟಾಲ್ಕ್ಸ್‌ನ ನಡತೆ ನನಗೆ ತುಂಬ ಹಿಡಿಸುತ್ತದೆ. ಒಪ್ಪಿಗೆ, ನಿರಾಕರಣೆ, ವೇಳೆ ಬದಲಾವಣೆಯ ಪತ್ರಗಳು ತಾವಾಗಿ ಹೊರಡುವುದಿಲ್ಲ. ಔಟ್‌ಬಾಕ್ಸ್‌ನಲ್ಲಿ ಬಂದು ಕೂರುತ್ತವೆ. ಓದಿ, ತಿದ್ದಿ, ನಾವೇ ಕಳಿಸಬೇಕು. ನಿರಾಕರಿಸುವ ಪತ್ರಕ್ಕೆ ಎರಡು ಸಾಲು ಕನ್ನಡದಲ್ಲಿ ಸೇರಿಸಲು ಸಮಯ ಸಿಗುತ್ತದೆ. ಮುಂದಿನ ವರ್ಷ ಅದೇ ಹುಡುಗಿ ಮತ್ತೆ ಪ್ರಸ್ತಾವ ಕಳಿಸುತ್ತಾಳೋ ಇಲ್ಲವೋ ಎಂಬುದು ಆ ಎರಡು ಸಾಲಿನ ಮೇಲೆ ನಿಂತಿರುತ್ತದೆ.

ಸ್ವಂತ ಸರ್ವರ್‌ನಲ್ಲಿ ಹಾಕಿಕೊಂಡರೆ ಪತ್ರ ತಲುಪಿಸುವುದೇ ಅತಿ ಹೆಚ್ಚು ಕಾಡುವ ಭಾಗ. ಪತ್ರ ಕಳಿಸುವಂಥ ಹಿನ್ನೆಲೆ ಕೆಲಸಗಳನ್ನು ಸರದಿಯಲ್ಲಿಟ್ಟು ಮಾಡಿಸಲು ಸೆಲರಿ, ಆ ಸರದಿಯನ್ನು ಹಿಡಿದಿಡಲು ಸಾಮಾನ್ಯವಾಗಿ ರೆಡಿಸ್ ಬಳಸುತ್ತಾರೆ. ಸೆಟಿಂಗ್ಸ್ ಕಡತದಲ್ಲಿ ಸೆಲರಿಯ ವಿಳಾಸ ಬರೆದು, ಆ ಸರದಿಯ ಕೆಲಸ ಮಾಡುವ ವರ್ಕರ್ ಅನ್ನು ಚಾಲೂ ಮಾಡಲು ಮರೆತರೆ, ಪರದೆಯ ಮೇಲೆ ಎಲ್ಲ ಸರಿಯಾಗಿ ಹೋದಂತೆ ಕಂಡು ಪತ್ರಗಳು ಸರದಿಯಲ್ಲೇ ಕೊಳೆಯುತ್ತವೆ. ಹಾಗಾಗಿ ವರ್ಕರ್ ಅನ್ನು, ಲಿನಕ್ಸ್‌ನಲ್ಲಿ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿಯ ಸೇವೆಯಾಗಿಯೇ ನಿಲ್ಲಿಸಬೇಕು, ಸರ್ವರ್ ಮರುಚಾಲೂ ಆದಾಗ ಅದೂ ಏಳಬೇಕು. ‘ರನ್‌ಪೀರಿಯಾಡಿಕ್’ ಆದೇಶವನ್ನು, ಗೊತ್ತಾದ ಸಮಯಕ್ಕೆ ಕೆಲಸ ಓಡಿಸುವ ಕ್ರಾನ್‌ಗೆ ಸೇರಿಸುವುದು ಇನ್ನೊಂದು ಮರೆಯುವ ಹೆಜ್ಜೆ. ಹಲವು ಕ್ಲೌಡ್ ಕಂಪನಿಗಳು ಪತ್ರ ಹೊರಡುವ 25ನೇ ಪೋರ್ಟ್ ಮುಚ್ಚಿರುತ್ತವೆ, 587ರ ಮೂಲಕ ಒಂದು ಮೇಲ್ ಸೇವೆಗೆ ಜೋಡಿಸಬೇಕು. ಡೊಮೇನ್‌ಗೆ, ಪತ್ರ ನಿಜಕ್ಕೂ ನಮ್ಮದೇ ಎಂದು ತೋರಿಸುವ ಎಸ್‌ಪಿಎಫ್, ಡಿಕಿಮ್ ದಾಖಲೆ ಇಲ್ಲದಿದ್ದರೆ ಜಿಮೇಲ್ ಪತ್ರವನ್ನು ಸ್ಪ್ಯಾಮ್‌ಗೆ ತಳ್ಳುತ್ತದೆ ಅಥವಾ ವಾಪಸ್ ಕಳಿಸುತ್ತದೆ. 2024ರ ಫೆಬ್ರವರಿಯಿಂದ ಈ ನಿಯಮ ಬಿಗಿಯಾಗಿದೆ. ಪ್ರಸ್ತಾವ ಕರೆಯುವ ಮೊದಲು ಜಿಮೇಲ್, ಔಟ್‌ಲುಕ್, ಒಂದು ಕಾಲೇಜಿನ ವಿಳಾಸ, ಈ ಮೂರಕ್ಕೂ ಪರೀಕ್ಷಾ ಪತ್ರ ಹಾಕಿ ನೋಡಿ.

ಸರ್ವರ್‌ಗೆ 2 ಜಿಬಿ ರ‍್ಯಾಮ್ ಇರಲಿ. 1 ಜಿಬಿಯಲ್ಲಿ ಓಡುತ್ತದೆ, ಆದರೆ ಜಾವಾಸ್ಕ್ರಿಪ್ಟ್ ಕಡತಗಳನ್ನು ಕಟ್ಟುವ ಹಂತದಲ್ಲಿ ನೆನಪು ಸಾಲದೆ ನಿಂತುಹೋಗಬಹುದು. ದತ್ತಾಂಶಕ್ಕೆ ಪೋಸ್ಟ್‌ಗ್ರೆಸ್, ದಿನಕ್ಕೊಂದು ಡಂಪ್ (ಪೂರ್ತಿ ನಕಲು) ತೆಗೆದು ಬೇರೆ ಕಡೆ ಇಡಬೇಕು, ಅಪ್‌ಲೋಡ್ ಆದ ಚಿತ್ರ, ಸ್ಲೈಡ್‌ಗಳ ಫೋಲ್ಡರನ್ನೂ ಸೇರಿಸಿ. ತಂಡದಲ್ಲಿ ಲಿನಕ್ಸ್ ಸರ್ವರ್ ನೋಡಿಕೊಳ್ಳುವವರು ಕನಿಷ್ಠ ಇಬ್ಬರು ಇಲ್ಲದಿದ್ದರೆ ಸ್ವಂತ ಸರ್ವರ್ ಬೇಡ, ತಯಾರಕರದೇ ಹಣ ಕೊಡುವ ಸೇವೆ ತೆಗೆದುಕೊಳ್ಳಿ. ಒಬ್ಬರೇ ಇದ್ದು, ಅವರಿಗೆ ಸಮ್ಮೇಳನದ ಹಿಂದಿನ ದಿನ ಜ್ವರ ಬಂದರೆ ಏನು ಗತಿ?

ವೇಳಾಪಟ್ಟಿ ಜೋಡಿಸುವ ಪರದೆ ಹಗುರ, ಎಳೆದು ಕೂರಿಸಿದರಾಯಿತು. ಭಾಷಣಕಾರರಿಂದ ಬಿಡುವಿನ ಸಮಯವನ್ನು ಮೊದಲೇ ಬರೆಸಿಕೊಂಡಿದ್ದರೆ, ಅದರ ಹೊರಗೆ ಕೂರಿಸಿದಾಗ ಎಚ್ಚರಿಕೆ ತೋರಿಸುತ್ತದೆ. ಬೆಂಗಳೂರಿನಿಂದ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿಯೆಲ್ಲ ಕೂತು ಬೆಳಿಗ್ಗೆ ಇಳಿಯುವವರಿಗೆ ಮೊದಲ ಅವಧಿ ಕೊಡಬಾರದು. ರೈಲು ತಡವಾದರೆ ದಿನದ ಆರಂಭವೇ ಕುಸಿಯುತ್ತದೆ. ಊರಿನವರನ್ನು ಮೊದಲಿಗೆ, ದೂರದವರನ್ನು 11.30ರ ನಂತರ ಇಡಿ. ಪ್ರತಿ ಬದಲಾವಣೆಗೂ ಹೊಸ ಆವೃತ್ತಿ ಪ್ರಕಟಿಸಬೇಕಾಗುತ್ತದೆ, ಸಮಯ ಬದಲಾದವರಿಗೆ ಮಾತ್ರ ಪತ್ರ ತಯಾರಾಗುತ್ತದೆ. ದಿನಕ್ಕೆ ಐದು ಆವೃತ್ತಿ ಬಿಟ್ಟು ಜನರನ್ನು ಗೊಂದಲಕ್ಕೆ ದೂಡದೆ, ಬದಲಾವಣೆಗಳನ್ನು ಕೂಡಿಟ್ಟು ಒಂದೇ ಸಲ ಬಿಡುವುದು ಒಳ್ಳೆಯದು.

ಕಾಲೇಜಿನ ವೈಫೈ ಸಾಮಾನ್ಯವಾಗಿ ವಿದ್ಯಾರ್ಥಿ ಸಂಖ್ಯೆ ಕೇಳುವ ಲಾಗಿನ್ ಹಿಂದೆ ಇರುತ್ತದೆ, ಅತಿಥಿಗಳಿಗೆ ತೆರೆಯುವುದಿಲ್ಲ. ಕಾರ್ಯಾಗಾರಕ್ಕೆ ಬೇಕಾದ ಅತಿಥಿ ಖಾತೆಗಳನ್ನು ಒಂದು ವಾರ ಮೊದಲು ಲಿಖಿತವಾಗಿ ಕೇಳಿ. ವೇಳಾಪಟ್ಟಿಯ ಮಟ್ಟಿಗೆ ಪ್ರಿಟಾಲ್ಕ್ಸ್ ಕೊಡುವ ಎಕ್ಸ್‌ಎಂಎಲ್ ಕಡತವನ್ನು ಆಂಡ್ರಾಯ್ಡ್‌ನ ಗಿಗಿಟಿ ಆ್ಯಪ್ ಓದುತ್ತದೆ. ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ನೋಡಬಹುದು. ಇದರ ಕ್ಯೂಆರ್ ಚಿತ್ರವನ್ನು ಹಿಂದಿನ ದಿನವೇ ಕಳಿಸಬೇಕು, ಬಾಗಿಲಲ್ಲಿ ಅಂಟಿಸಿದರೆ ಉಪಯೋಗ ಕಡಿಮೆ.

ಈಗ ಪ್ರಿಟಿಕ್ಸ್. ಟಿಕೆಟ್ ಬಗೆ ಮಾಡಿ, ಬೆಲೆ ಹಾಕಿ, ಅಂಗಡಿ ತೆರೆದರೂ ಟಿಕೆಟ್ ಸಿಗುವುದಿಲ್ಲ ಎಂಬ ದೂರು ಬಂದರೆ ಕಾರಣ ಬಹುತೇಕ ಒಂದೇ: ಆ ಟಿಕೆಟ್‌ಗೆ ಕೋಟಾ (ಎಷ್ಟು ಮಾರಬಹುದೆಂಬ ಮಿತಿ) ಜೋಡಿಸಿಲ್ಲ. ವಿದ್ಯಾರ್ಥಿ ಟಿಕೆಟ್, ಸಾಮಾನ್ಯ ಟಿಕೆಟ್ ಎರಡನ್ನೂ 150ರ ಒಂದೇ ಕೋಟಾಕ್ಕೆ ಕಟ್ಟಿದರೆ ಆಸನ ಮೀರುವ ಭಯವಿಲ್ಲ. ಕಾರ್ಯಾಗಾರವನ್ನು 40 ಆಸನದ ಬೇರೆ ಕೋಟಾದಲ್ಲಿ ಹೆಚ್ಚುವರಿ ವಸ್ತುವಾಗಿ ಇಡಿ.

ಬ್ಯಾಂಕ್ ವರ್ಗಾವಣೆಯ ವಿಧಾನದಲ್ಲಿ ಹಣ ಬಾರದ ಆರ್ಡರ್ ಕೂಡ ಆಸನ ಹಿಡಿದಿಟ್ಟುಕೊಳ್ಳುತ್ತದೆ, ಮೂಲ ಸೆಟಿಂಗ್ ಪ್ರಕಾರ 14 ದಿನ. ಅಷ್ಟರಲ್ಲಿ ಟಿಕೆಟ್ ಮುಗಿದಂತೆ ಕಾಣುತ್ತದೆ, ನಿಜಕ್ಕೂ ಬರುವವರು ವಾಪಸ್ ಹೋಗುತ್ತಾರೆ. ಇದನ್ನು 2 ದಿನಕ್ಕೆ ಇಳಿಸಿ, ಕಾಯುವವರ ಪಟ್ಟಿ ತೆರೆಯಿರಿ. ಬ್ಯಾಂಕಿನ ಜಮೆಗಳ ಸಿಎಸ್‌ವಿ (ಪಟ್ಟಿಯ ಕಡತ) ಹಾಕಿದರೆ ಆರ್ಡರ್ ಸಂಕೇತ ಹುಡುಕಿ ತಾಳೆ ಹಾಕುವ ಸೌಲಭ್ಯ ಇದೆ. ನಮ್ಮಲ್ಲಿ ಅದು ಸೋಲುತ್ತದೆ, ಏಕೆಂದರೆ ಯುಪಿಐನಲ್ಲಿ ಕಳಿಸುವವರು ಟಿಪ್ಪಣಿಯ ಜಾಗ ಖಾಲಿ ಬಿಡುತ್ತಾರೆ, ಅಪ್ಪನ ಫೋನಿನಿಂದ ಕಳಿಸುತ್ತಾರೆ. ಆರ್ಡರ್ ಸಂಕೇತ ಮತ್ತು ಮೊತ್ತ ಎರಡನ್ನೂ ಒಳಗೇ ತುಂಬಿದ ಕ್ಯೂಆರ್ ಮಾಡಿ ಕೊಟ್ಟರೆ ಅರ್ಧ ತಲೆನೋವು ಇಳಿಯುತ್ತದೆ. ಉಳಿದದ್ದಕ್ಕೆ ಲೆಕ್ಕ ಗೊತ್ತಿರುವ ಒಬ್ಬರು ದಿನಾ ಸಂಜೆ ಕೂತು ಕೈಯಿಂದಲೇ ತಾಳೆ ನೋಡಬೇಕು. ಪೂರ್ತಿ ಉಚಿತ ಮಾಡಿದರೆ ಈ ಗೋಳಿಲ್ಲ, ಆದರೆ ಹೆಸರು ಬರೆಸಿ ಬಾರದವರು ಹೆಚ್ಚುತ್ತಾರೆ, ಊಟದವರಿಗೆ ಎಷ್ಟು ಎಲೆ ಎಂದು ಹೇಳಲಾಗುವುದಿಲ್ಲ. ರೊಟ್ಟಿ ಊಟ ಹೇಳುವುದಾದರೆ ಇದು ಇನ್ನೂ ಮುಖ್ಯ. ಅನ್ನದಂತೆ ಕೊನೆಯ ಗಳಿಗೆಯಲ್ಲಿ ಇನ್ನೊಂದು ಪಾತ್ರೆ ಇಡಲು ಬರುವುದಿಲ್ಲ.

ಎದೆಗೆ ಹಾಕುವ ಹೆಸರಿನ ಚೀಟಿ ಕನ್ನಡದಲ್ಲಿ ಬೇಕೆಂದರೆ ಪ್ರಿಟಿಕ್ಸ್‌ನ ಪಿಡಿಎಫ್ ಬ್ಯಾಡ್ಜ್ ನೆಚ್ಚಬೇಡಿ. ಸರಿಯಾದ ಫಾಂಟ್ ಸಿಗದಿದ್ದರೆ ಚೌಕಗಳು ಬರುತ್ತವೆ, ಫಾಂಟ್ ಇದ್ದರೂ ಒತ್ತಕ್ಷರ ಒಡೆಯಬಹುದು. ‘ಲಕ್ಷ್ಮಿ’, ‘ಮೃತ್ಯುಂಜಯ’ ಎಂಬ ಎರಡು ಹೆಸರು ಹಾಕಿ ಮುದ್ರಿಸಿ ನೋಡಿದರೆ ಗೊತ್ತಾಗುತ್ತದೆ. ಸುಲಭ ದಾರಿ: ಸಿಎಸ್‌ವಿ ತೆಗೆದು, ಲಿಬ್ರೆಆಫೀಸ್‌ನಲ್ಲಿ ಯುಟಿಎಫ್-8 ಆರಿಸಿ ತೆರೆದು, ಮೇಲ್ ಮರ್ಜ್‌ನಿಂದ ಮುದ್ರಿಸುವುದು. ಬಾಗಿಲಲ್ಲಿ ಹಾಜರಿ ಹಾಕುವ ಪ್ರಿಟಿಕ್ಸ್‌ಸ್ಕ್ಯಾನ್ ಆ್ಯಪ್ ಮಾತ್ರ ಚೆನ್ನಾಗಿದೆ. ಪಟ್ಟಿಯನ್ನು ಮೊದಲೇ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ಓಡುತ್ತದೆ. ಎರಡು ಫೋನ್, ಒಂದು ಪವರ್ ಬ್ಯಾಂಕ್, 150 ಜನಕ್ಕೆ ಸಾಕು. ಒಂದೇ ಎಚ್ಚರ: ನೆಟ್ ಇಲ್ಲದಾಗ ಎರಡು ಫೋನುಗಳ ನಡುವೆ ಮಾಹಿತಿ ಹರಿಯುವುದಿಲ್ಲ, ಒಂದೇ ಟಿಕೆಟ್ ಎರಡೂ ಕಡೆ ನಡೆದುಬಿಡುತ್ತದೆ. ಹೆಸರಿನ ಮೊದಲ ಅಕ್ಷರದ ಮೇಲೆ ಸಾಲು ಬೇರೆ ಮಾಡಿದರೆ ಅದೂ ತಪ್ಪುತ್ತದೆ.

ಮುಗಿದ ಮೇಲೆ ಭಾಷಣಗಳ ಪುಟಗಳನ್ನು ಸ್ಥಿರ ಎಚ್‌ಟಿಎಂಎಲ್ ಆಗಿ ತೆಗೆದು ಉಚಿತ ಹೋಸ್ಟಿಂಗ್‌ನಲ್ಲಿ ಇಟ್ಟುಬಿಡಿ, ಸರ್ವರ್ ಬಾಡಿಗೆ ಉಳಿಯುತ್ತದೆ, ಕೊಂಡಿಗಳೂ ಬದುಕುತ್ತವೆ. ಪ್ರಿಟಿಕ್ಸ್‌ನಲ್ಲಿ ವೈಯಕ್ತಿಕ ಮಾಹಿತಿ ಅಳಿಸುವ ಸೌಲಭ್ಯ ಇದೆ. ಮೊದಲು ಹಣದ ಲೆಕ್ಕವನ್ನು ಇಳಿಸಿ ಖಜಾಂಚಿಗೆ ಒಪ್ಪಿಸಿ, ಆಮೇಲೆ ಫೋನ್ ನಂಬರ್, ಇಮೇಲ್‌ಗಳನ್ನು ಅಳಿಸಿ. ಮುಂದಿನ ವರ್ಷಕ್ಕೆ ಸುದ್ದಿ ಬೇಕೆಂದು ಒಪ್ಪಿಗೆ ಕೊಟ್ಟವರ ಪಟ್ಟಿ ಒಂದನ್ನು ಮಾತ್ರ ಉಳಿಸಿಕೊಳ್ಳಿ. ಆ ಪ್ರಶ್ನೆಯನ್ನು ಟಿಕೆಟ್ ಅರ್ಜಿಯಲ್ಲೇ, ಗುರುತು ಹಾಕದ ಖಾನೆಯಾಗಿ ಇಟ್ಟಿರಬೇಕು.