ದಬ್ಬಣದಿಂದ ಸೂಜಿಗೆ: ಕಣ್ಣಿನ ಪಟ್ಟಿ, ಎಂಟು ತಿಂಗಳ ಬಳಕೆ

ಎಂಟು ತಿಂಗಳಲ್ಲಿ ಮಗಳ ಬಲಗಣ್ಣಿನ ಮೇಲೆ ಇನ್ನೂರಕ್ಕೂ ಜಾಸ್ತಿ ಪಟ್ಟಿ ಅಂಟಿಸಿದ್ದೇನೆ. ಅದಕ್ಕೇ ಈ ಪಟ್ಟಿಯ ಬಗ್ಗೆ ನಾಲ್ಕು ಮಾತು ಬರೆಯೋಣ ಅನ್ನಿಸಿತು.

ಬೆಟಗೇರಿಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ಕಳೆದ ವರ್ಷ ಮಗಳಿಗೆ ಕಣ್ಣು ಬಂದಿತ್ತು, ಬಲಗಡೆ ಮಾತ್ರ. ಅದು ಬಾತು ಮುಚ್ಚಿಹೋದ ದಿನ ಗೋಡೆ ಕ್ಯಾಲೆಂಡರಿನ ತಾರೀಖು ಓದು ಅಂದರೆ ಸುಮ್ನೆ ನಿಂತಳು. "ಅಪ್ಪಾ, ಈ ಕಣ್ಣಾಗ ಬರೇ ಮಬ್ಬು ಕಾಣತೈತಿ" ಅಂದಳು. ವಯಸ್ಸು ಆರು. ಮೆಳ್ಳೆಗಣ್ಣಿಲ್ಲ, ಓದಿನಲ್ಲೂ ಮುಂದು. ನಮಗೆ ಗೊತ್ತಾಗುವುದಾದರೂ ಹೇಗೆ?

ಮೊದಲು ಹೋದ ಕನ್ನಡಕದಂಗಡಿಯ ಹೆಸರು ಬೇಡ. ಮಷೀನಿನ ಮುಂದೆ ಕೂರಿಸಿ, ಹನಿ ಹಾಕದೆಯೇ ನಂಬರ್ ಬರೆದುಕೊಟ್ಟರು. ಮಕ್ಕಳು ಕಣ್ಣನ್ನು ಬಿಗಿಹಿಡಿದು ನಂಬರ್ ಮುಚ್ಚಿಬಿಡುತ್ತಾರೆ, ಹನಿ ಹಾಕಿ ಆ ಬಿಗಿ ಸಡಿಲಿಸಿಯೇ ನೋಡಬೇಕು. ಇದು ಗೊತ್ತಾಗಿದ್ದು ಹುಬ್ಬಳ್ಳಿಯ ಕಣ್ಣಾಸ್ಪತ್ರೆಯಲ್ಲಿ. ಎಡಗಣ್ಣಿಗೆ ಪ್ಲಸ್ ನಾಲ್ಕೂವರೆ, ಬಲಗಣ್ಣಿಗೆ ಪ್ಲಸ್ ಒಂದು. ಎಡಗಡೆಯಿಂದ ಯಾವಾಗಲೂ ಮಬ್ಬು ಚಿತ್ರವೇ ಬಂದರೆ ಮಿದುಳು ಅದನ್ನು ಬದಿಗಿಟ್ಟು, ಬಲಗಣ್ಣಿನಿಂದಲೇ ಕೆಲಸ ಸಾಗಿಸುತ್ತದಂತೆ. ಇದಕ್ಕೆ ಸೋಮಾರಿ ಕಣ್ಣು ಅಂತ ಹೆಸರು. ನನಗೆ ಹಿಡಿಸಲಿಲ್ಲ. ಕೆಲಸವನ್ನೇ ಕೊಡದೆ ಸೋಮಾರಿ ಅಂದರೆ ಹೇಗೆ, ಅಲ್ವಾ?

ವಾಪಸ್ ಬರುವಾಗ ಹನಿಯಿಂದ ಅವಳಿಗೆ ಬೆಳಕು ತಡೆಯಲಾಗುತ್ತಿರಲಿಲ್ಲ. ಹುಬ್ಬಳ್ಳಿ ಸ್ಟೇಷನ್ನಿನ ಆ 1,507 ಮೀಟರ್ ಪ್ಲಾಟ್‌ಫಾರ್ಮ್ ಮುಗಿಯುವ ಹಾಗೇ ಕಾಣಲಿಲ್ಲ, ಹೆಗಲ ಮೇಲೆ ಹೊತ್ತು ನಡೆದೆ. ಟೊಪ್ಪಿಗೆ ಒಯ್ಯಿರಿ.

ಮೊದಲ ನಾಲ್ಕು ತಿಂಗಳು ಬರೀ ಕನ್ನಡಕ. ಅಷ್ಟಕ್ಕೇ ಎಡಗಣ್ಣಿನ ನೋಟ 6/36 ಇದ್ದದ್ದು 6/24ಕ್ಕೆ ಬಂತು (ಕೆಳಗಿನ ಅಂಕಿ ಇಳಿದಷ್ಟೂ ನೋಟ ಚೆನ್ನ). ಆಮೇಲೆ ಪಟ್ಟಿ, ದಿನಕ್ಕೆ ಎರಡು ತಾಸು. ಚೆನ್ನಾಗಿರುವ ಕಣ್ಣನ್ನೇ ಮುಚ್ಚಬೇಕು ಅಂದಾಗ ಅವ್ವ ಹೌಹಾರಿದರು. "ಕಾಣೋ ಕಣ್ಣ ಮುಚ್ಚೋದಾ?" ಅಂತ ಎರಡು ದಿನ ನನ್ನ ಜೊತೆ ಮಾತೇ ಬಿಟ್ಟರು.

ನಾನು ಟೇಲರ್ ತಾನೇ, ಪಟ್ಟಿಗೆ ದುಡ್ಡು ಯಾಕೆ ಅಂತ ಕನ್ನಡಕಕ್ಕೆ ಸಿಗಿಸುವ ಬಟ್ಟೆ ಚೀಲ ಹೊಲಿದೆ. ಹೂವಿನ ಕಸೂತಿ ಬೇರೆ. ಮೂರೇ ದಿನ. ಮೂಗಿನ ಪಕ್ಕದ ಸಂದಿಯಿಂದ ಇಣುಕಿ ಬಲಗಣ್ಣಿನಲ್ಲೇ ನೋಡುತ್ತಿದ್ದಳು! ಅಂಟಿಸುವ ಪಟ್ಟಿ ಗೆಲ್ಲುವುದು ಇಲ್ಲೇ. ಚರ್ಮಕ್ಕೇ ಅಂಟುತ್ತದೆ, ಮೇಲೆ ಕನ್ನಡಕ, ಇಣುಕಲು ಸಂದಿಯಿಲ್ಲ. ಒಳಗಿನ ಮೆತ್ತೆ ಮೃದು, ರೆಪ್ಪೆಗೆ ತಾಗುವುದಿಲ್ಲ.

ತಕರಾರೂ ಇವೆ. ನಮ್ಮೂರಿನ ಔಷಧ ಅಂಗಡಿಯಲ್ಲಿ ಮೊದಲು ಸಿಕ್ಕಿದ್ದು ದೊಡ್ಡವರ ಅಳತೆ, ಅರ್ಧ ಕೆನ್ನೆ ಮುಚ್ಚಿತ್ತು. ಮಕ್ಕಳ ಅಳತೆ ಅಂತ ಕೇಳಿ ತರಿಸಿಕೊಳ್ಳಿ. ಏಪ್ರಿಲ್ ಬಿಸಿಲಿಗೆ ಬೆವತರೆ ಅಂಚು ಏಳುತ್ತದೆ, ಅದಕ್ಕೇ ಸಂಜೆ ಹೊತ್ತಿಗೆ ಬದಲಿಸಿದೆವು. ಒಮ್ಮೆಲೇ ಕಿತ್ತರೆ ಹುಬ್ಬಿನ ಕೂದಲೂ ಬರುತ್ತದೆ. ಉಗುರುಬೆಚ್ಚಗಿನ ನೀರಲ್ಲಿ ಒದ್ದೆ ಮಾಡಿ ಬಿಡಿಸಬೇಕು. ಮೊದಲೇ ಎಣ್ಣೆ ಸವರಿದರೆ ಅಂಟುವುದೇ ಇಲ್ಲ, ನನ್ನದೇ ಅನುಭವ. ಒಂದು ಪಟ್ಟಿ ಒಂದೇ ದಿನಕ್ಕೆ, ಹಾಗಾಗಿ ಖರ್ಚು ಇದೆ. ಬಣ್ಣವಂತೂ ಯಾರ ಮೈಬಣ್ಣಕ್ಕೂ ಹೊಂದದ ಒಂದು ಪೇಲವ. ಐದಕ್ಕೆ ನಾಲ್ಕು ಕೊಡುತ್ತೇನೆ.

ಆಸ್ಪತ್ರೆಗೂ ನಾಲ್ಕೇ. ಪ್ರತಿಸಲ ಅರ್ಧ ದಿನ ಕಾಯಬೇಕು, ಆದರೆ ಒಳಗೆ ಹೋದ ಮೇಲೆ ಅವಸರ ಮಾಡುವುದಿಲ್ಲ. ತಪಾಸಣೆ ಮಾತ್ರ ತಪ್ಪಿಸಬೇಡಿ. ಪಟ್ಟಿ ಹೆಚ್ಚಾದರೆ ಒಳ್ಳೆಯ ಕಣ್ಣು ಮಂಕಾಗಬಹುದು, ಬೇಗ ಬಿಟ್ಟರೆ ಗಳಿಸಿದ್ದು ಕೈಬಿಡಬಹುದು. ಅಳತೆ ಅವರೇ ಹೇಳಬೇಕು.

ಪಟ್ಟಿ ಹಾಕಿ ಟಿವಿ ಮುಂದೆ ಕೂರಿಸುವ ಬದಲು ನಾನು ಅಂಗಡಿಯಲ್ಲಿ ಕೆಲಸ ಕೊಟ್ಟೆ. ಮೊದಲು ಗುಂಡಿಗಳನ್ನು ಬಣ್ಣದ ಪ್ರಕಾರ ಆರಿಸುವುದು. ಆಮೇಲೆ ಚೀಲ ಹೊಲಿಯುವ ದಬ್ಬಣಕ್ಕೆ ದಾರ ಪೋಣಿಸುವುದು. ಮೊದಲ ವಾರ ದಬ್ಬಣದ ಕಣ್ಣೇ ಸಿಗದೆ ಅತ್ತಿದ್ದಳು. ನಾನೂ ಮಷೀನಿನ ಕಡೆ ಮುಖ ತಿರುಗಿಸಿಕೊಂಡಿದ್ದೆ.

ಹೋದ ತಿಂಗಳು ಎಡಗಣ್ಣು 6/9. ಪಟ್ಟಿ ಈಗ ಒಂದು ತಾಸಿಗೆ ಇಳಿದಿದೆ. ನಿನ್ನೆ ಸಂಜೆ ಕೈಹೊಲಿಗೆಯ ಸಣ್ಣ ಸೂಜಿಗೆ ಮೂರನೇ ಸಲಕ್ಕೆ ದಾರ ಪೋಣಿಸಿ ಕೊಟ್ಟಳು. ನನಗಂತೂ ಚಾಳೀಸು ಹಾಕಿಕೊಂಡರೂ ನಾಲ್ಕು ಸಲ ಬೇಕು.